ಪಾಸ್‌ವರ್ಡ್ ನಿಮ್ಮದು, ಕೀಲಿ ಕಂಪ್ಯೂಟರಿನದು

ಮನೆಯ ಕಂಪ್ಯೂಟರು ಹತ್ತು ದಿನದಿಂದ ಒಂದೇ ಹವಾಮಾನದ ಲೆಕ್ಕ ಹಿಡಿದು ಕೂತಿದೆ. ಇನ್ನೂ ಮೂರು ದಿನದ ಕೆಲಸ ಬಾಕಿ. ಅಷ್ಟರಲ್ಲಿ ಆ ಲೆಕ್ಕ ಕೊಟ್ಟ ವಿಜ್ಞಾನ ಯೋಜನೆಯ ಖಾತೆಯ ಪಾಸ್‌ವರ್ಡ್ ಬದಲಿಸಬೇಕಾಗಿ ಬಂತು. ಬದಲಿಸಿದರೆ ಇಷ್ಟು ದಿನದ ಲೆಕ್ಕ ಹಾಳಾಗುತ್ತದೆಯೇ?

ಬಹುಪಾಲು ಸಂದರ್ಭಗಳಲ್ಲಿ ಏನೂ ಆಗುವುದಿಲ್ಲ. ಹಾಳಾಗುವುದು ಮುಂದೆ ನಾವು ಗಾಬರಿಯಲ್ಲಿ ಮಾಡುವ ಕೆಲಸದಿಂದ. ಹೊಸ ಪಾಸ್‌ವರ್ಡನ್ನು ಕಂಪ್ಯೂಟರಿಗೂ ತಿಳಿಸಬೇಕೆಂದು ಭಾವಿಸಿ ಪ್ರಾಜೆಕ್ಟನ್ನು ತೆಗೆದುಹಾಕಿ ಮತ್ತೆ ಸೇರಿಸುತ್ತೇವೆ. ತೆಗೆದ ಕ್ಷಣದಲ್ಲೇ ಅರ್ಧಕ್ಕೆ ಬಂದ ಲೆಕ್ಕ ಅಳಿಸಿಹೋಗುತ್ತದೆ. ಇದು ನಿಮಗೊಬ್ಬರಿಗೆ ಆದ ನಷ್ಟವೂ ಅಲ್ಲ. ಐನ್‌ಸ್ಟೈನ್ ಅಟ್ ಹೋಮ್‌ನಂಥ ಯೋಜನೆಗಳಲ್ಲಿ ಒಂದೇ ಲೆಕ್ಕವನ್ನು ಇಬ್ಬರಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುತ್ತಾರೆ. ನಿಮ್ಮ ಉತ್ತರ ಬಾರದಿದ್ದರೆ ಎಲ್ಲೋ ದೂರದಲ್ಲಿ ತನ್ನ ಪಾಲು ಮುಗಿಸಿದ ಇನ್ನೊಬ್ಬ ಸ್ವಯಂಸೇವಕರೂ ಕಾಯುತ್ತಾ ಕೂರಬೇಕು.

ಮನೆಮನೆಯ ಕಂಪ್ಯೂಟರುಗಳ ಬಿಡುವಿನ ಶಕ್ತಿಯನ್ನು ವಿಜ್ಞಾನಕ್ಕೆ ಒದಗಿಸುವ ಈ ಪದ್ಧತಿ ಜನಪ್ರಿಯವಾದದ್ದು 1999ರ ಮೇ ತಿಂಗಳಲ್ಲಿ ಶುರುವಾದ ಸೆಟಿ ಅಟ್ ಹೋಮ್‌ನಿಂದ. ಅನ್ಯಲೋಕದ ಜೀವಿಗಳ ರೇಡಿಯೊ ಸಂಕೇತ ಹುಡುಕುತ್ತಿದ್ದ ಆ ಯೋಜನೆ 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಆದರೆ ಸೆಟಿ ಅಟ್ ಹೋಮ್ ಶುರುವಾದ ಮೇಲೆ ಬರ್ಕ್ಲಿಯಲ್ಲಿ ಡೇವಿಡ್ ಆಂಡರ್ಸನ್ 2002ರಲ್ಲಿ ಆರಂಭಿಸಿದ ಬಾಯಿಂಕ್ ಎಂಬ ತಂತ್ರಾಂಶ ಇಂದಿಗೂ ಹಲವು ಯೋಜನೆಗಳ ಬುನಾದಿ. ಆಕ್ಸ್‌ಫರ್ಡಿನ ಹವಾಮಾನ ಯೋಜನೆ, ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊಸೆಟಾ ಅಟ್ ಹೋಮ್, ಸರ್ನ್‌ನ ಎಲ್‌ಎಚ್‌ಸಿ ಅಟ್ ಹೋಮ್ ಎಲ್ಲವೂ ಇದರ ಮೇಲೆಯೇ ನಿಂತಿವೆ. ಕೆಲವು ಯೋಜನೆಗಳು ತಮ್ಮ ಜಾಲತಾಣವನ್ನು ತಾವೇ ಬೇರೆಯಾಗಿ ಕಟ್ಟಿಕೊಂಡಿವೆ. ಅಲ್ಲಿ ಪುಟಗಳ ಹೆಸರು, ಕ್ರಮ ಬೇರೆಯಾಗಬಹುದು. ನಾನಿಲ್ಲಿ ಹೇಳುವುದು ಬಾಯಿಂಕ್‌ನ ಮೂಲ ವ್ಯವಸ್ಥೆಯ ಮಾತು.

ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ನಿಮ್ಮ ಕಂಪ್ಯೂಟರು ನಿಮ್ಮ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳುವುದೇ ಇಲ್ಲ. ಮೊದಲ ಸಲ ಇಮೇಲ್, ಪಾಸ್‌ವರ್ಡ್ ಕೊಟ್ಟು ಸೇರಿದಾಗ ಸರ್ವರ್ ಅದನ್ನು ಪರಿಶೀಲಿಸಿ ಪ್ರತಿಯಾಗಿ 32 ಅಕ್ಷರ-ಅಂಕಿಗಳ ಒಂದು ಖಾತೆ ಕೀಲಿಯನ್ನು ಕಳಿಸುತ್ತದೆ. ಅಲ್ಲಿಂದ ಮುಂದೆ ಕೆಲಸ ಕೇಳುವುದು, ಉತ್ತರ ಒಪ್ಪಿಸುವುದು ಎಲ್ಲ ನಡೆಯುವುದು ಆ ಕೀಲಿಯಿಂದ. ಪಾಸ್‌ವರ್ಡ್ ಬದಲಾದರೂ ಕೀಲಿ ಬದಲಾಗುವುದಿಲ್ಲ. ಹಾಗಾಗಿ ಜಾಲತಾಣಕ್ಕೆ ಹೋಗಿ ನಿಶ್ಚಿಂತೆಯಿಂದ ಪಾಸ್‌ವರ್ಡ್ ಬದಲಿಸಿ ಬನ್ನಿ. ಕಂಪ್ಯೂಟರಿನ ತಂಟೆಗೆ ಹೋಗಬೇಡಿ.

ಇಮೇಲ್ ಬದಲಿಸುವಾಗ ಪಾಸ್‌ವರ್ಡನ್ನೂ ಮತ್ತೆ ಕೇಳುತ್ತದೆ. ಬೇರೆ ಕಾರಣಗಳ ಜೊತೆಗೆ ಇದಕ್ಕೆ ಬಾಯಿಂಕ್‌ನದೇ ಒಂದು ಕಾರಣ ಇದೆ. ಸರ್ವರಿನಲ್ಲಿ ಪಾಸ್‌ವರ್ಡ್ ಇದ್ದ ಹಾಗೇ ಇರುವುದಿಲ್ಲ. ಪಾಸ್‌ವರ್ಡನ್ನೂ ಇಮೇಲನ್ನೂ ಸೇರಿಸಿ ಗಣಿತದ ಒರಳಿಗೆ ಹಾಕಿ ರುಬ್ಬಿದ ಹಿಟ್ಟು ಮಾತ್ರ ಇರುತ್ತದೆ. ದೋಸೆ ಹಿಟ್ಟಿನಿಂದ ಅಕ್ಕಿ, ಉದ್ದನ್ನು ಮತ್ತೆ ಬೇರೆ ಮಾಡಲಾದೀತೇ? ಇದೂ ಹಾಗೆಯೇ. ಅಕ್ಕಿಯ ಜಾಗದಲ್ಲಿ ಹೊಸ ಇಮೇಲ್ ಬಂದರೆ ಹೊಸದಾಗಿಯೇ ರುಬ್ಬಬೇಕು, ಅದಕ್ಕೆ ಉದ್ದು ಬೇಕು. ಆ ಉದ್ದು ಇರುವುದು ನಿಮ್ಮ ಹತ್ತಿರ ಮಾತ್ರ.

ಈಗ ತೊಂದರೆ ಕೊಡುವ ಸಂದರ್ಭಕ್ಕೆ ಬರೋಣ. ಬಾಯಿಂಕ್‌ನಲ್ಲಿ ಪೂರ್ಣ ಕೀಲಿಯಲ್ಲದೆ ದುರ್ಬಲ ಕೀಲಿ ಎಂಬುದೊಂದಿದೆ. ಅದರ ಮೊದಲಿಗೆ ನಿಮ್ಮ ಸದಸ್ಯ ಸಂಖ್ಯೆ, ಆಮೇಲೆ ಒಂದು ಅಡಿಗೆರೆ, ಅನಂತರ 32 ಅಕ್ಷರಗಳು ಇರುತ್ತವೆ. ಇದರಿಂದ ಕಂಪ್ಯೂಟರನ್ನು ಯೋಜನೆಗೆ ಸೇರಿಸಬಹುದು, ಜಾಲತಾಣದಲ್ಲಿ ನಿಮ್ಮ ಖಾತೆಯೊಳಗೆ ಹೋಗಲಾಗದು. ಕಾಲೇಜಿನ ಲ್ಯಾಬ್, ಗೆಳೆಯರ ಮನೆಯ ಯಂತ್ರ, ಹೀಗೆ ಬೇರೆಯವರ ಕೈ ತಾಗುವ ಕಡೆಗೆಂದೇ ಇದನ್ನು ಮಾಡಿದ್ದಾರೆ (ಯಂತ್ರದ ಒಡೆಯರ ಒಪ್ಪಿಗೆ ಮಾತ್ರ ಮೊದಲೇ ಇರಲೇಬೇಕು). ಈ ಕೀಲಿ ಹುಟ್ಟುವುದು ಪೂರ್ಣ ಕೀಲಿ ಮತ್ತು ಆಗ ಹೇಳಿದ ಹಿಟ್ಟು ಎರಡರಿಂದಲೂ. ಹಿಟ್ಟು ಬದಲಾದರೆ, ಅಂದರೆ ಪಾಸ್‌ವರ್ಡ್ ಅಥವಾ ಇಮೇಲ್ ಯಾವುದು ಬದಲಾದರೂ, ಹಳೆಯ ದುರ್ಬಲ ಕೀಲಿ ಸತ್ತುಹೋಗುತ್ತದೆ. ಲ್ಯಾಬಿನ ಯಂತ್ರ ಸರ್ವರನ್ನು ಸಂಪರ್ಕಿಸಿದಾಗ ಕೀಲಿ ಸರಿಯಿಲ್ಲ, ಪ್ರಾಜೆಕ್ಟನ್ನು ತೆಗೆದು ಮತ್ತೆ ಸೇರಿಸಿ ಎಂಬ ಸಂದೇಶ ಬರುತ್ತದೆ.

ದಯವಿಟ್ಟು ಆ ಸಂದೇಶದ ಮಾತನ್ನು ಕೂಡಲೇ ಕೇಳಬೇಡಿ. ಕೆಲಸ ಉಳಿಸಿಕೊಳ್ಳುವ ದಾರಿ ಬೇರೆ ಇದೆ. ಬಾಯಿಂಕನ್ನು ಪೂರ್ತಿ ನಿಲ್ಲಿಸಿ. ಕಿಟಕಿ ಮುಚ್ಚಿದರೆ ಸಾಲದು, ಹಿನ್ನೆಲೆಯಲ್ಲಿ ಓಡುವುದೂ ನಿಲ್ಲಬೇಕು. ವಿಂಡೋಸ್‌ನಲ್ಲಾದರೆ ಪ್ರೋಗ್ರಾಂಡೇಟಾದೊಳಗಿನ ಬಾಯಿಂಕ್ ಫೋಲ್ಡರಿನಲ್ಲಿ, ಪ್ರತಿ ಪ್ರಾಜೆಕ್ಟಿಗೂ 'ಅಕೌಂಟ್' ಎಂದು ಶುರುವಾಗಿ ಪ್ರಾಜೆಕ್ಟಿನ ವಿಳಾಸದಿಂದ ಮುಗಿಯುವ ಎಕ್ಸ್‌ಎಂಎಲ್ ಕಡತ ಇರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಅದು ಬಾಯಿಂಕ್-ಕ್ಲೈಂಟ್ ಫೋಲ್ಡರಿನಲ್ಲಿ. ಮೊದಲು ಆ ಕಡತದ ನಕಲು ತೆಗೆದಿಡಿ. ಆಮೇಲೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು, 'ಅಥೆಂಟಿಕೇಟರ್' ಎಂಬ ಗುರುತುಗಳ ನಡುವಿನ ಹಳೆಯ ಕೀಲಿಯನ್ನು ಅಳಿಸಿ, ಜಾಲತಾಣದ ಖಾತೆ ಪುಟದಲ್ಲಿ ಸಿಗುವ ಹೊಸ ಕೀಲಿಯನ್ನು ಹಾಕಿ ಉಳಿಸಿ, ಬಾಯಿಂಕನ್ನು ಮತ್ತೆ ಶುರು ಮಾಡಿ. ಲೆಕ್ಕ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಕಡತ ಮುಟ್ಟಲು ಅಳುಕಿದ್ದರೆ ಸಮಯ ತೆಗೆದುಕೊಳ್ಳಿ. ಪಾಸ್‌ವರ್ಡ್ ಬದಲಿಸುವ ಮೊದಲೇ ಬಾಯಿಂಕ್ ಮ್ಯಾನೇಜರಿನಲ್ಲಿ 'ನೋ ನ್ಯೂ ಟಾಸ್ಕ್ಸ್' ಒತ್ತಿ, ಕೈಯಲ್ಲಿರುವುದೆಲ್ಲ ಮುಗಿಯಲು ಬಿಡಿ. 'ಅಪ್‌ಡೇಟ್' ಒತ್ತಿ ಉತ್ತರಗಳೆಲ್ಲ ತಲುಪಿದವೆಂದು ಖಚಿತ ಮಾಡಿಕೊಂಡ ಮೇಲೆ ಪ್ರಾಜೆಕ್ಟನ್ನು ತೆಗೆದು ಸೇರಿಸಬಹುದು.

ಲ್ಯಾಪ್‌ಟಾಪ್ ಕಳೆದುಹೋದಾಗ ಈ ಎರಡು ಕೀಲಿಗಳ ವ್ಯತ್ಯಾಸ ನಿಜಕ್ಕೂ ಅರಿವಾಗುತ್ತದೆ. ಅದರಲ್ಲಿ ದುರ್ಬಲ ಕೀಲಿ ಇದ್ದರೆ ಪಾಸ್‌ವರ್ಡ್ ಬದಲಿಸಿದರೆ ಸಾಕು. ಪೂರ್ಣ ಕೀಲಿ ಇದ್ದರೆ, ಪಾಸ್‌ವರ್ಡ್ ಬದಲಿಸಿದ ಮೇಲೂ ಆ ಕೀಲಿ ಬದುಕಿಯೇ ಇರುತ್ತದೆ. ಆಗ ಯೋಜನೆಯ ನಿರ್ವಾಹಕರಿಗೇ ಬರೆಯಬೇಕು. ಊರೂರು ಸುತ್ತುವ ಯಂತ್ರಗಳಲ್ಲಿ ಮೊದಲಿನಿಂದಲೂ ದುರ್ಬಲ ಕೀಲಿಯನ್ನೇ ಇಡುವುದು ಒಳ್ಳೆಯದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಇಮೇಲ್. ಕಚೇರಿಯ ವಿಳಾಸದಿಂದ ಖಾತೆ ತೆರೆದವರು ಕೆಲಸ ಬಿಡುವ ಮೊದಲೇ ಅದನ್ನು ಬದಲಿಸಿಕೊಳ್ಳಬೇಕು. ಇತ್ತೀಚಿನ ಬಾಯಿಂಕ್ ಸರ್ವರುಗಳು ಬದಲಾವಣೆಯ ಸುದ್ದಿಯನ್ನು ಹಳೆಯ ವಿಳಾಸಕ್ಕೂ ಕಳಿಸುತ್ತವೆ. 7 ದಿನದೊಳಗೆ ಅದನ್ನು ಹಿಂದಕ್ಕೆ ತಿರುಗಿಸಬಹುದು, ಅಲ್ಲಿಯವರೆಗೆ ಮತ್ತೊಂದು ಬದಲಾವಣೆಗೆ ಅವಕಾಶವಿಲ್ಲ. ಖಾತೆ ಕದ್ದವರಿಂದ ಅದನ್ನು ಮರಳಿ ಪಡೆಯಲು ಮಾಡಿದ ಏರ್ಪಾಡು ಇದು.

ಹಲವು ಯೋಜನೆಗಳಲ್ಲಿ ಇರುವವರು ಎಲ್ಲ ಕಡೆಯೂ ಒಂದೇ ಇಮೇಲ್ ಇಟ್ಟುಕೊಳ್ಳಬೇಕು. ಬೇರೆ ಬೇರೆ ಯೋಜನೆಗಳ ಖಾತೆಗಳು ಒಬ್ಬರವೇ ಎಂದು ಗುರುತಿಸುವ ಸಂಖ್ಯೆ ರೂಪುಗೊಳ್ಳುವುದರಲ್ಲಿ ಇಮೇಲ್‌ಗೂ ಪಾಲಿದೆ. ಒಂದರಲ್ಲಿ ಬದಲಿಸಿ ಇನ್ನೊಂದರಲ್ಲಿ ಮರೆತರೆ ಅಂಕಿಅಂಶಗಳಲ್ಲಿ ನೀವು ಇಬ್ಬರಾಗಿ ಕಾಣುತ್ತೀರಿ. ಮಾಡಿದ ಲೆಕ್ಕಕ್ಕಾಗಿ ಕೂಡಿಟ್ಟ ಕ್ರೆಡಿಟ್ ಅಂಕಗಳು ಎಲ್ಲೂ ಹೋಗಿರುವುದಿಲ್ಲ. ಎಲ್ಲ ಕಡೆ ಹೊಸ ವಿಳಾಸ ಹಾಕಿ, ಆ ಎಲ್ಲ ಯೋಜನೆಗಳಿಗೂ ಸೇರಿದ ಒಂದು ಕಂಪ್ಯೂಟರನ್ನು ಕೆಲವು ದಿನ ಓಡಿಸಿದರೆ ಗುರುತು ಮತ್ತೆ ಒಂದಾಗುತ್ತದೆ.

ಇಮೇಲ್ ಚಾಲ್ತಿಯಲ್ಲಿರಲಿ ಎನ್ನಲು ಇನ್ನೊಂದು ಕಾರಣವಿದೆ, ನನಗೆ ಅದೇ ಹೆಚ್ಚು ಇಷ್ಟ. 2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಯು ಅರೆಸಿಬೊ ದೂರದರ್ಶಕದ ದತ್ತಾಂಶದಲ್ಲಿ ಹೊಸ ಪಲ್ಸಾರ್ ಒಂದನ್ನು ಕಂಡುಹಿಡಿಯಿತು. ಅದನ್ನು ಪತ್ತೆ ಮಾಡಿದ್ದು ಅಮೆರಿಕದ ಅಯೋವಾದ ದಂಪತಿಯ ಮತ್ತು ಜರ್ಮನಿಯ ಮೈಂಜ್‌ನ ಒಬ್ಬರ ಕಂಪ್ಯೂಟರುಗಳು. ಅಂಥ ಸುದ್ದಿ ನಿಮಗೇ ಬರುವುದಿದ್ದರೆ, ಯೋಜನೆಯವರ ಕೈಯಲ್ಲಿರುವುದು ನೀವು ಕೊಟ್ಟ ಇಮೇಲ್ ವಿಳಾಸವೇ.

ಪಾಸ್‌ವರ್ಡ್ ಮರೆತಿದ್ದರೆ ಇಮೇಲ್‌ಗೆ ಕೊಂಡಿ ತರಿಸಿಕೊಳ್ಳಬಹುದು. ಪಾಸ್‌ವರ್ಡೂ ಇಲ್ಲ, ಹಳೆಯ ಇಮೇಲೂ ಮುಚ್ಚಿಹೋಗಿದೆ ಎನ್ನುವ ಸ್ಥಿತಿಯಲ್ಲಿ ಕೈಹಿಡಿಯುವುದು ಮತ್ತೆ ಆ 'ಅಕೌಂಟ್' ಕಡತವೇ. ಅದರೊಳಗಿನ ಪೂರ್ಣ ಕೀಲಿಯನ್ನು ಕೊಟ್ಟು ಜಾಲತಾಣಕ್ಕೆ ಪ್ರವೇಶಿಸಲು ಬಾಯಿಂಕ್‌ನಲ್ಲಿ ದಾರಿಯಿದೆ. ಆದ್ದರಿಂದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಆ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ, ಡಿಸ್ಕನ್ನು ಅಳಿಸಿಯೇ ಕೊಡಿ.