ಡಬ್ಬಿಯ ಪುಡಿಯೂ ಹಿತ್ತಿಲ ಸೊಪ್ಪೂ

ಮನೆಗಳನ್ನು ಆಶೀರ್ವದಿಸಲು ವಾಳೆಯಿಂದ ವಾಳೆಗೆ ಹೋಗುವಾಗ ನಾವು ಗಮನಿಸುತ್ತಿರುವ ಸಂಗತಿಯೊಂದಿದೆ. ದೇವರ ಪೀಠದ ಕೆಳಗಿನ ಕಪಾಟಿನಲ್ಲಿ ಮೊದಲು ನೋವಿನ ಎಣ್ಣೆಯೋ ಕಷಾಯದ ಪುಡಿಯೋ ಇರುತ್ತಿತ್ತು. ಈಗ ಅಲ್ಲಿ ದೊಡ್ಡ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳು. ಪ್ರೊಟೀನ್ ಪುಡಿ, ಅಶ್ವಗಂಧದ ಕ್ಯಾಪ್ಸೂಲು, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂಬ ರಸ, ಗಲ್ಫಿನಲ್ಲಿರುವ ಮಗ ಕಳುಹಿಸಿದ ವಿಟಮಿನ್ ಬಾಟ್ಲಿ. ಪ್ರಾರ್ಥನೆ ಮುಗಿದು ಚಹಾ ಬರುವಷ್ಟರಲ್ಲಿ ಮನೆಯವರು ಡಬ್ಬಿಯೊಂದನ್ನು ತಂದು ಕೇಳುತ್ತಾರೆ: "ಫಾದರ್, ಇದು ಕುಡಿದರೆ ಒಳ್ಳೆಯದಾ?"

ನಾವು ವೈದ್ಯರಲ್ಲ. ಆದರೆ ಪ್ರಶ್ನೆ ಹತ್ತಾರು ಮನೆಗಳಿಂದ ಬಂದಿರುವುದರಿಂದ, ಮಂಗಳೂರಿನ ಕೆಲವು ವೈದ್ಯರನ್ನೂ ಇಲ್ಲಿಯ ಆಯುರ್ವೇದ ಪಂಡಿತರನ್ನೂ ವಿಚಾರಿಸಿ, ಓದಬೇಕಾದದ್ದನ್ನು ಓದಿ, ಈ ಅಂಕಣದಲ್ಲಿ ಬರೆಯುತ್ತಿದ್ದೇವೆ.

ಬರೆಯಲು ಇನ್ನೊಂದು ಕಾರಣವೂ ಉಂಟು. ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ನೆಂಟರೊಬ್ಬರು ಸರಪಳಿ ವ್ಯಾಪಾರದಲ್ಲಿ ಮಾರುವ ಗಿಡಮೂಲಿಕೆ ಪುಡಿ ತಂದುಕೊಟ್ಟು, "ಇನ್ನು ಇಂಗ್ಲಿಷ್ ಮದ್ದು ಬೇಡ" ಎಂದರು. ಡಬ್ಬಿಯ ಬೆಲೆ ಅವರ ತಿಂಗಳ ಪಿಂಚಣಿಗಿಂತ ಹೆಚ್ಚು. ಎರಡು ತಿಂಗಳಲ್ಲಿ ಕಾಲಿನ ಸಣ್ಣ ಗಾಯ ಹುಣ್ಣಾಯಿತು, ಒಂದು ಬೆರಳನ್ನು ತೆಗೆಯಬೇಕಾಯಿತು. ಮಾರಿದವರು ಕೆಟ್ಟವರೇನಲ್ಲ, ಅವರೂ ಅದನ್ನೇ ಕುಡಿಯುತ್ತಿದ್ದರು. ಅಜ್ಜಿ ಬಿಟ್ಟುಬಿಟ್ಟ ಮಾತ್ರೆಯಾದರೋ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವಂಥದ್ದು.

ಗಿಡಮೂಲಿಕೆ ಎಂದರೆ ನಮ್ಮಲ್ಲಿ ಒಂದು ನಂಬಿಕೆಯಿದೆ: ಸೊಪ್ಪಿನಿಂದ, ಬೇರಿನಿಂದ ಮಾಡಿದ್ದು, ಗುಣವಾಗದಿದ್ದರೂ ಕೆಡುಕಂತೂ ಆಗದು. ಈ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಅದಕ್ಕೆ ನಮ್ಮ ಹಿತ್ತಿಲಿನ ಬಿಂಬುಳಿ ಮರಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಡ. ಕೊಂಕಣಿಯವರ ಬಿಂಬ್ಲಿ, ಮಲಯಾಳದವರ ಇರುಂಬನ್ ಪುಳಿ. ಬಂಗುಡೆ ಸಾರಿಗೆ ನಾಲ್ಕು ಬಿಂಬುಳಿ ಹಾಕುವುದು ನಮ್ಮ ಹಿರಿಯರ ಕಾಲದಿಂದ ಬಂದದ್ದು, ಅದರಿಂದ ಯಾರಿಗೂ ಏನೂ ಆದದ್ದಿಲ್ಲ. ಆದರೆ ಕೊಬ್ಬು ಕರಗುತ್ತದೆ, ಕೊಲೆಸ್ಟರಾಲ್ ಇಳಿಯುತ್ತದೆ ಎಂದು ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿಯುವ ಅಭ್ಯಾಸ ಕೇರಳದಲ್ಲಿ ಹಬ್ಬಿತು. 2013ರಲ್ಲಿ ಕೇರಳದ 5 ಆಸ್ಪತ್ರೆಗಳ ಮೂತ್ರಪಿಂಡ ವೈದ್ಯರು ಒಟ್ಟಾಗಿ ಒಂದು ವರದಿ ಪ್ರಕಟಿಸಿದರು. ಈ ರಸ ಕುಡಿದ 10 ಮಂದಿಯ ಮೂತ್ರಪಿಂಡಗಳು ಹಠಾತ್ತನೆ ಕೆಲಸ ನಿಲ್ಲಿಸಿದ್ದವು. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು.

ಕಾರಣ ಸರಳ. ಬಿಂಬುಳಿಯಲ್ಲಿ ಆಕ್ಸಲೇಟ್ ಎಂಬ ಆಮ್ಲದ ಅಂಶ ಬಹಳ. ಅದನ್ನು ನಮ್ಮ ದೇಹ ಅರಗಿಸಲಾರದು, ಮೂತ್ರದ ಮೂಲಕವೇ ಹೊರಗೆ ಹಾಕಬೇಕು. ಒಮ್ಮೆಲೇ ಹೆಚ್ಚು ಬಂದರೆ ಸುಣ್ಣದ ಅಂಶದೊಡನೆ ಸೇರಿ ಹರಳುಗಟ್ಟಿ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಮುಚ್ಚಿಬಿಡುತ್ತದೆ. ಸಾರಿಗೆ ಹಾಕಿದ ಬಿಂಬುಳಿಯೂ ಹಿಂಡಿ ಕುಡಿದ ಬಿಂಬುಳಿಯೂ ಒಂದೇ ಮರದ್ದು. ಬೇರೆಯಾದದ್ದು ಅಳತೆ ಮಾತ್ರ. ಅಡುಗೆಯ ಅಳತೆ ಬೇರೆ, ಮದ್ದಿನ ಅಳತೆ ಬೇರೆ. ಡಬ್ಬಿಯೊಳಗಿರುವುದು ಬಹುಮಟ್ಟಿಗೆ ಸಾರ ತೆಗೆದು ಗಟ್ಟಿ ಮಾಡಿದ್ದು. ಅದು ಅಡುಗೆಯ ಅಳತೆಯನ್ನು ಯಾವಾಗಲೋ ದಾಟಿರುತ್ತದೆ.

ಅರಸಿನದ ಕಥೆಯೂ ಹೀಗೆಯೇ. ಅಡುಗೆಗೆ ಹಾಕುವ ಅರಸಿನದ ಸತ್ವ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ನಮ್ಮ ಸಂತ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದ ಸಂಗತಿ ಲೋಕಪ್ರಸಿದ್ಧವಾಯಿತು: ಅರಸಿನದ ಸತ್ವದೊಡನೆ ಒಳ್ಳೆಮೆಣಸಿನ ಸತ್ವ ಸೇರಿಸಿದರೆ ಮನುಷ್ಯರಲ್ಲಿ ಅದು ರಕ್ತಕ್ಕೆ ಸೇರುವ ಪ್ರಮಾಣ 20 ಪಟ್ಟು ಹೆಚ್ಚುತ್ತದೆ. ಅಂದಿನಿಂದ ಅರಸಿನ, ಮೆಣಸು ಕೂಡಿಸಿದ ಮಾತ್ರೆಗಳು ದೇಶವಿದೇಶಗಳಲ್ಲಿ ಮಾರಾಟಕ್ಕೆ ಬಂದವು. ಕರುಳು ತಡೆಹಿಡಿಯುತ್ತಿದ್ದುದನ್ನು ಬಲವಂತವಾಗಿ ಒಳಗೆ ಬಿಟ್ಟರೆ ಅದನ್ನು ನಿಭಾಯಿಸಬೇಕಾದದ್ದು ಯಕೃತ್ತು. 2022ರಲ್ಲಿ ಅಮೆರಿಕದ ವೈದ್ಯರು ಅರಸಿನದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ 10 ಪ್ರಕರಣಗಳನ್ನು ವರದಿ ಮಾಡಿದರು. ಮೆಣಸಿನ ಸತ್ವ ಇತರ ಕೆಲವು ಮದ್ದುಗಳನ್ನೂ ಹಾಗೆಯೇ ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ, ಫಿಟ್ಸ್ ಕಾಯಿಲೆಯ ಮಾತ್ರೆ ಅವುಗಳಲ್ಲಿ ಒಂದು. ಮೀನುಸಾರಿನ ಅರಸಿನಕ್ಕೆ ಯಾರೂ ಹೆದರಬೇಕಾಗಿಲ್ಲ.

ಕೋವಿಡ್ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಅಮೃತಬಳ್ಳಿ ಕಷಾಯ ಕುದಿಯಿತೆಂಬುದು ಎಲ್ಲರಿಗೂ ನೆನಪಿರಬಹುದು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದ 6 ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ಬರೆದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಸರಿಯಾದ ಬಳ್ಳಿಯನ್ನೇ ಬಳಸಿದ್ದಾರೆಂದು ಖಚಿತಪಡಿಸಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಎಂದಿತು. ಆಮೇಲೆ ದೇಶದ ಹಲವು ಆಸ್ಪತ್ರೆಗಳು ಸೇರಿ 43 ಮಂದಿಯ ವಿವರ ಪ್ರಕಟಿಸಿದವು. ವಾದ ಹೇಗೂ ಇರಲಿ, ನಮ್ಮಂಥವರಿಗೆ ಎರಡೂ ಕಡೆಯ ಮಾತಿನಿಂದ ತಿಳಿಯುವುದೊಂದೇ. ಬೇಲಿಯಿಂದ ಕಿತ್ತು ತಂದದ್ದು ಅಮೃತಬಳ್ಳಿಯೇ ಹೌದೋ ಅಲ್ಲವೋ ಗುರುತಿಸಬಲ್ಲವರು ಬೇಕು. ಹೌದಾದರೂ ಯಕೃತ್ತಿನ ತೊಂದರೆ ಇದ್ದವರು, ದೇಹದ ರಕ್ಷಣಾಶಕ್ತಿ ದೇಹವನ್ನೇ ತಿನ್ನುವ ಕಾಯಿಲೆಯವರು ಅದನ್ನು ಮುಟ್ಟಬಾರದು. ಅಶ್ವಗಂಧದ ವಿಷಯದಲ್ಲಿಯೂ ಇಂಥ ಅನುಮಾನಗಳಿವೆ. ಡೆನ್ಮಾರ್ಕ್ ದೇಶ 2023ರಲ್ಲಿ ಅದನ್ನು ಆಹಾರಪೂರಕಗಳಲ್ಲಿ ನಿಷೇಧಿಸಿತು. ಗರ್ಭಿಣಿಯರು ಹಾಗೂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದರಿಂದ ದೂರವಿರುವುದು ಲೇಸು.

ಇಷ್ಟು ಓದಿ, ಫಾದರ್ ಆಯುರ್ವೇದದ ವಿರೋಧಿ ಎಂದು ಯಾರೂ ತಿಳಿಯಬಾರದು. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನೂ ಮಣ್ಣಿನಿಂದ ಹುಟ್ಟುವ ಮದ್ದನ್ನೂ ಒಟ್ಟಿಗೇ ಗೌರವಿಸುತ್ತದೆ. ನಾಡಿ ನೋಡಿ, ವಯಸ್ಸು ಕೇಳಿ, ಪಥ್ಯ ಹೇಳಿ ಮದ್ದು ಕೊಡುವ ಪಂಡಿತರು ಬೇರೆ. ನಿಮ್ಮ ಮುಖವನ್ನೇ ನೋಡದೆ ಎಲ್ಲರಿಗೂ ಒಂದೇ ಡಬ್ಬಿ ಮಾರುವವರು ಬೇರೆ. ನಮ್ಮಲ್ಲಿ ಸರಕಾರಿ ಆಯುರ್ವೇದ ಡಿಸ್ಪೆನ್ಸರಿಗಳಿವೆ, ಅಲ್ಲಿಗೆ ಹೋಗಿ ಕೇಳಲು ದುಡ್ಡು ಬೇಕಾಗಿಲ್ಲ.

ಇನ್ನು ವಿಟಮಿನ್ ಮಾತ್ರೆಗಳು. ಕೊರತೆ ಇದ್ದವರಿಗೆ ಇವು ವರದಾನವೇ. ಗರ್ಭಿಣಿಯರಿಗೆ ಸರಕಾರ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುವ ಈ ಮಾತ್ರೆಯನ್ನು "ಮಲ ಕಪ್ಪಾಗುತ್ತದೆ, ವಾಕರಿಕೆ ಬರುತ್ತದೆ" ಎಂದು ಹಿತ್ತಿಲಿಗೆ ಎಸೆದು, ಸಾವಿರ ರೂಪಾಯಿಯ ಟಾನಿಕ್ ತರುವ ಮನೆಗಳನ್ನು ನಾವು ಬಲ್ಲೆವು. ಮಲ ಕಪ್ಪಾಗುವುದು ರೋಗವಲ್ಲ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಚಹಾದೊಡನೆ ಮಾತ್ರ ನುಂಗಬೇಡಿ, ಚಹಾ ಕಬ್ಬಿಣವನ್ನು ಹಿಡಿದಿಡುತ್ತದೆ. ಹಾಗೆಯೇ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೆ, ಮೀನು ಮಾಂಸ ಮೊಟ್ಟೆ ಮುಟ್ಟದವರಿಗೆ ಬಿ-12 ಕೊರತೆ ಬರುವುದುಂಟು. ಕಾಲು ಜುಮುಜುಮು ಎನ್ನುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಮಾತ್ರೆ ತೆಗೆದುಕೊಳ್ಳಿ.

ಕೊರತೆಯೇ ಇಲ್ಲದವರಿಗೆ? ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಹೊರಬಂತು. ಕ್ಯಾರೆಟ್ಟಿನ ಹಳದಿ ಸತ್ವವಾದ ಬೀಟಾ ಕ್ಯಾರೊಟಿನ್ ಶ್ವಾಸಕೋಶದ ಕ್ಯಾನ್ಸರನ್ನು ತಡೆಯುತ್ತದೆಂದು ಎಣಿಸಿ ಮಾತ್ರೆ ಕೊಟ್ಟಿದ್ದರು. ಮಾತ್ರೆ ನುಂಗಿದವರಲ್ಲೇ ಆ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಬೀಡಿ ಸೇದುವವರು ಕ್ಯಾರೆಟ್ ತಿನ್ನಲಿ, ಮಾತ್ರೆ ಬೇಡ. (ಬೀಡಿಯೂ ಬೇಡ ಎಂದು ನಾವು ಹೇಳಿ ಹೇಳಿ ಸೋತಿದ್ದೇವೆ.) ಗಲ್ಫಿನಿಂದ ಬಂದ ಬಾಟ್ಲಿಗಳಲ್ಲಿ ಎ ಮತ್ತು ಡಿ ಇದೆಯೇ ನೋಡಿಕೊಳ್ಳಿ. ಬಿ, ಸಿ ಹೆಚ್ಚಾದದ್ದು ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಎ, ಡಿ ಮೈಯಲ್ಲೇ ಉಳಿಯುತ್ತವೆ, ಅತಿಯಾದರೆ ಯಕೃತ್ತು, ಮೂತ್ರಪಿಂಡ ಕೆಡಿಸುತ್ತವೆ.

ವ್ಯಾಯಾಮಶಾಲೆಗೆ ಹೋಗುವ ನಮ್ಮ ಹುಡುಗರಿಗೂ ಒಂದು ಮಾತು. ಭಾರತದಲ್ಲಿ ಮಾರಾಟವಾಗುವ 36 ಬಗೆಯ ಪ್ರೊಟೀನ್ ಪುಡಿಗಳನ್ನು ಕೇರಳದ ವೈದ್ಯರ ನೇತೃತ್ವದಲ್ಲಿ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಸುಮಾರು ಶೇ. 70ರಷ್ಟರಲ್ಲಿ ಡಬ್ಬಿಯ ಮೇಲೆ ಬರೆದ ಪ್ರೊಟೀನ್ ಲೆಕ್ಕವೇ ತಪ್ಪು. ಕೆಲವುಗಳಲ್ಲಿ ಬರೆದುದರ ಅರ್ಧದಷ್ಟೇ ಇತ್ತು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇದೆ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಬೂತಾಯಿ ಅಗ್ಗವಾದ ದಿನ ಲೆಕ್ಕ ಇನ್ನೂ ನಮ್ಮ ಕಡೆಗೇ.

ಡಬ್ಬಿಯ ಬರಹ ಓದುವುದು ಗಡಿನಾಡಿನ ನಮಗೆ ಹೆಚ್ಚಿನ ಕಷ್ಟ. ಬರೆದಿರುವುದು ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ಎರಡೂ ಬಾರದು, ಮಾರುವವರು ಹೇಳಿದ್ದೇ ವೇದವಾಕ್ಯ. ಮೊಮ್ಮಕ್ಕಳಿಂದ ಓದಿಸಿ. 'ಹೆಲ್ತ್ ಸಪ್ಲಿಮೆಂಟ್' ಎಂದಿದ್ದರೆ ಕಾನೂನಿನ ಪ್ರಕಾರ ಅದು ಆಹಾರ, ಮದ್ದಲ್ಲ. ಅದೇ ಡಬ್ಬಿಯಲ್ಲಿ 'ನಾಟ್ ಫಾರ್ ಮೆಡಿಸಿನಲ್ ಯೂಸ್' ಎಂದೂ ಇರಲೇಬೇಕು, ಅಂದರೆ ಔಷಧವಾಗಿ ಬಳಸತಕ್ಕದ್ದಲ್ಲ. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಬಾಯಲ್ಲಿ ಹೇಳಿ ಮಾರುವವರಿಗೆ ಈ ಸಾಲನ್ನು ತೋರಿಸಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮೊದಲಾದವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಹೆಸರು, ಲೈಸೆನ್ಸ್ ನಂಬರ್ ಇಲ್ಲದ ಕೀಲುನೋವಿನ ಪುಡಿಯಂತೂ ಮನೆಯೊಳಗೆ ಬರಬಾರದು. ಇಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಕಂಡುಬಂದದ್ದುಂಟು. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಕ್ಕಿಂತ ಸಂಶಯ ಮೊದಲು ಬರಲಿ.

ಏನನ್ನಾದರೂ ತೆಗೆದುಕೊಳ್ಳುತ್ತಿರುವವರು ಇಂದೇ ನಿಲ್ಲಿಸಿ ಗಾಬರಿಪಡಬೇಕಾಗಿಲ್ಲ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಎಲ್ಲಾ ಡಬ್ಬಿ ಬಾಟ್ಲಿಗಳನ್ನು ಒಂದು ಚೀಲದಲ್ಲಿ ಹಾಕಿ ಒಯ್ದು ಮೇಜಿನ ಮೇಲಿಡಿ. ವೈದ್ಯರು ಬೈಯುತ್ತಾರೆಂದು ಮುಚ್ಚಿಡಬೇಡಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೂ, ಆಪರೇಶನ್‌ಗೆ ದಿನ ಗೊತ್ತಾದವರಿಗೂ ಇದು ತೀರಾ ಅಗತ್ಯ. ಮೈ, ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಅಥವಾ ಕಡುಬಣ್ಣಕ್ಕೆ ತಿರುಗಿದರೆ ಮಾತ್ರ ಆ ಪುಡಿಗಳನ್ನು ಅಲ್ಲಿಗೇ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೊರಡಿ. ವೈದ್ಯರು ಬರೆದುಕೊಟ್ಟ ಬಿಪಿ, ಸಕ್ಕರೆ ಮಾತ್ರೆಗಳನ್ನು ಅವರನ್ನು ಕೇಳದೆ ಯಾರ ಮಾತಿಗೂ ಬಿಡಬೇಡಿ.

ಮಳೆ ಹಿಡಿಯುವ ಮೊದಲು ನುಗ್ಗೆಯ ಗೆಲ್ಲು, ಬಸಳೆಯ ಬಳ್ಳಿ ನೆಟ್ಟರೆ ವರ್ಷವಿಡೀ ಸೊಪ್ಪಿಗೆ ಕೊರತೆಯಿಲ್ಲ. ಇಗರ್ಜಿಯ ಹಿಂದಿನ ತೋಟದಲ್ಲಿ ಎರಡೂ ಇವೆ. ಬೇಕಾದವರು ಭಾನುವಾರ ಎರಡನೆಯ ಪೂಜೆಯ ನಂತರ ಕತ್ತಿ ತಂದು ಕಡಿದುಕೊಂಡು ಹೋಗಬಹುದು. ಬಸಳೆಗೆ ಚಪ್ಪರ ಹಾಕಲು ಬಿದಿರು ಇಲ್ಲದವರು ತಮ್ಮ ವಾಳೆಯ ಗುರಿಕಾರರಿಗೆ ತಿಳಿಸಲಿ.