ಒಂದು ಎಕರೆ, ಎರಡೂವರೆ ಸೆಕೆಂಡು

ಒಂದು ಎಕರೆ ಎಂದರೆ ನಲವತ್ತು ಗುಂಟೆ, ಸುಮಾರು 4,047 ಚದರ ಮೀಟರ್. ಹೆದ್ದಾರಿಗೆ 60 ಮೀಟರ್ ಅಗಲದ ಜಾಗ ಬೇಕೆಂದು ಹಿಡಿದರೆ ಒಂದು ಎಕರೆ ಜಮೀನಿನಲ್ಲಿ ಮೂಡುವ ರಸ್ತೆಯ ಉದ್ದ 67 ಮೀಟರ್ ಮಾತ್ರ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಮಂಡ್ಯದ ಕಡೆಯ ಒಂದು ಕುಟುಂಬ ಅಜ್ಜನ ಕಾಲದಿಂದ ಕಬ್ಬು, ಭತ್ತ ಬೆಳೆದುಕೊಂಡು ಬಂದ ಒಂದು ಎಕರೆಯನ್ನು ದಾಟಲು ಆ ಕಾರಿಗೆ ಎರಡೂವರೆ ಸೆಕೆಂಡು ಸಾಕು. ಹೆದ್ದಾರಿ ಎಂಜಿನಿಯರುಗಳ ಲೆಕ್ಕದಲ್ಲೂ ಈ ಎರಡೂವರೆ ಸೆಕೆಂಡಿಗೆ ಜಾಗವಿದೆ. ಎದುರಿಗೆ ಏನೋ ಅಡ್ಡ ಬಂದದ್ದನ್ನು ಕಂಡು ಚಾಲಕನ ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಕಳೆಯುವ ಹೊತ್ತು ಅದು. ಬ್ರೇಕ್ ಒತ್ತುವ ಮೊದಲೇ ಒಬ್ಬ ರೈತನ ಒಂದು ಎಕರೆ ಹಿಂದೆ ಸರಿದಿರುತ್ತದೆ.

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಬಗ್ಗೆ ನಾವು ಕೇಳಿದ ಅಂಕಿಗಳೆಲ್ಲ ಮೇಲ್ಮೈಯವು. ಉದ್ದ 118 ಕಿಲೋಮೀಟರ್. ವೆಚ್ಚ ಸುಮಾರು 8,480 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟನೆ. ಮೂರು ಗಂಟೆಯ ದಾರಿ 75 ನಿಮಿಷಕ್ಕೆ ಇಳಿಯುತ್ತದೆಂಬ ಭರವಸೆ. ಭಾಗಿಸಿ ನೋಡಿದರೆ ಕಿಲೋಮೀಟರಿಗೆ 72 ಕೋಟಿ, ಒಂದು ಮೀಟರಿಗೆ ಏಳು ಲಕ್ಷಕ್ಕೂ ಹೆಚ್ಚು. ಈ 118ರಲ್ಲಿ ಸುಮಾರು 52 ಕಿಲೋಮೀಟರ್ ಹಳೆಯ ರಸ್ತೆಯನ್ನು ಬಿಟ್ಟು ಹೊಲಗದ್ದೆಗಳ ನಡುವೆ ಹೊಸದಾಗಿ ಕಡಿದ ಜಾಡು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿ ಹೋಗುವ ಐದು ಬೈಪಾಸುಗಳು ಇದರಲ್ಲಿವೆ. ರಾಮನಗರ–ಚನ್ನಪಟ್ಟಣದ್ದೇ 22 ಕಿಲೋಮೀಟರ್. ಅದೇ 60 ಮೀಟರ್ ಅಗಲದಲ್ಲಿ ಲೆಕ್ಕ ಹಾಕಿದರೆ ಹೊಸ ಜಾಡಿಗಷ್ಟೇ 770 ಎಕರೆ ಬೇಕು.

ಬೈಪಾಸಿನ ಕೆಲಸ ನೆಲ ಅಗೆಯುವುದರಿಂದ ಶುರುವಾಗುವುದಿಲ್ಲ, ಎಣಿಕೆಯಿಂದ ಶುರುವಾಗುತ್ತದೆ. ಹಳೆಯ ರಸ್ತೆಯ ಪಕ್ಕದಲ್ಲಿ ವಾರವಿಡೀ ಹಗಲು ರಾತ್ರಿ ಕೂತು ಹೋಗಿಬರುವ ವಾಹನಗಳನ್ನು ಜಾತಿವಾರು ಎಣಿಸುತ್ತಾರೆ. ಎಣಿಸಿದ್ದನ್ನೆಲ್ಲ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. ಹಳ್ಳಿಗಾಡಿನ ರಸ್ತೆಗಳಿಗೆಂದು ಭಾರತೀಯ ರಸ್ತೆ ಕಾಂಗ್ರೆಸ್ ಕೊಟ್ಟ ಕೋಷ್ಟಕದಲ್ಲಿ ಬೈಕಿಗೆ ಅರ್ಧ, ಕಾರಿಗೆ ಒಂದು, ಬಸ್ಸು ಲಾರಿಗೆ ಮೂರು, ಎತ್ತಿನ ಗಾಡಿಗೆ ಎಂಟು. ಗಾಡಿ ನಿಧಾನವಾದಷ್ಟೂ ಅದರ ಹಿಂದೆ ಸಿಕ್ಕಿಕೊಳ್ಳುವ ವಾಹನಗಳು ಹೆಚ್ಚು, ಹಾಗಾಗಿ ಈ ತೂಕ. ಜತೆಗೆ ವಾಹನ ನಿಲ್ಲಿಸಿ ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದೂ ಕೇಳುತ್ತಾರೆ. ಊರಿನೊಳಗೆ ಕೆಲಸವಿಲ್ಲದೆ ಸುಮ್ಮನೆ ಹಾದುಹೋಗುವವರು ಎಷ್ಟು ಮಂದಿ ಎಂಬುದು ಆಗ ತಿಳಿಯುತ್ತದೆ. ಬೈಪಾಸು ಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಆ ಉತ್ತರದ ಮೇಲೆ.

ನನ್ನನ್ನು ನಿಜಕ್ಕೂ ಬೆರಗುಗೊಳಿಸುವುದು ಮಣ್ಣು.

ಬೈಪಾಸು ಯಾಕೆ ಅಷ್ಟು ಎತ್ತರದಲ್ಲಿ ಹೋಗುತ್ತದೆ ಎಂದು ಕೇಳಿಕೊಳ್ಳಿ. ಅಡ್ಡ ಬರುವ ಊರ ರಸ್ತೆಯಲ್ಲಿ ಬಸ್ಸು, ಕಬ್ಬಿನ ಲಾರಿ ದಾಟಬೇಕಾದರೆ ಅಂಡರ್‌ಪಾಸಿನೊಳಗೆ ಐದೂವರೆ ಮೀಟರ್ ಎತ್ತರ ಖಾಲಿ ಬಿಡಬೇಕು. ಅದರ ಮೇಲೆ ಕಾಂಕ್ರೀಟ್ ಚಾವಣಿ, ಅದರ ಮೇಲೆ ರಸ್ತೆ. ಆರು ಮೀಟರ್ ಎತ್ತರದಿಂದ ನೆಲಕ್ಕೆ ಇಳಿಯಲು, ನೂರು ಮೀಟರಿಗೆ ಎರಡೂವರೆ ಮೀಟರಿನಂತೆ ಇಳಿದರೂ, 240 ಮೀಟರ್ ಬೇಕು. ಇಳಿಯುವಷ್ಟರಲ್ಲಿ ಮುಂದಿನ ಊರಿನ ರಸ್ತೆ ಬಂದಿರುತ್ತದೆ, ಮತ್ತೆ ಏರಬೇಕು. ಹೀಗಾಗಿ ಹಳ್ಳಿಗಳು ಒತ್ತೊತ್ತಾಗಿರುವ ನಮ್ಮ ಸೀಮೆಯಲ್ಲಿ ರಸ್ತೆ ಇಳಿಯುವುದೇ ಇಲ್ಲ, ಎತ್ತರದಲ್ಲೇ ಸಾಗುತ್ತದೆ.

ಆ ಎತ್ತರದ ಲೆಕ್ಕ ಹೀಗೆ. ಮೇಲೆ 30 ಮೀಟರ್ ಅಗಲ, ಆರು ಮೀಟರ್ ಎತ್ತರ, ಎರಡೂ ಬದಿಗೆ ಒಂದಕ್ಕೆರಡರ ಇಳಿಜಾರು ಎಂದಾದರೆ ಬುಡದ ಅಗಲ 54 ಮೀಟರ್. ಒಂದು ಕಿಲೋಮೀಟರಿಗೆ 2,52,000 ಘನ ಮೀಟರ್ ಮಣ್ಣು. ಒಂದು ಟಿಪ್ಪರಿಗೆ 16 ಘನ ಮೀಟರ್ ಹಿಡಿದರೆ 15,750 ಲೋಡು. ಒಂಬತ್ತು ಮೀಟರ್ ಉದ್ದದ ಆ ಟಿಪ್ಪರುಗಳನ್ನು ಒಂದರ ಬೆನ್ನಿಗೊಂದು ನಿಲ್ಲಿಸಿದರೆ ಸಾಲು 140 ಕಿಲೋಮೀಟರ್ ದಾಟುತ್ತದೆ. ಇಡೀ ಹೆದ್ದಾರಿಯ ಉದ್ದ 118 ಕಿಲೋಮೀಟರ್. ಅದರ ಒಂದೇ ಒಂದು ಕಿಲೋಮೀಟರನ್ನು ಆ ಎತ್ತರಕ್ಕೆ ಏರಿಸಲು ಬೇಕಾದ ಟಿಪ್ಪರುಗಳು ಅದರ ಮೇಲೆ ಹಿಡಿಸುವುದಿಲ್ಲ! ಜಾಗ ಇಕ್ಕಟ್ಟಾದ ಕಡೆ ಇಳಿಜಾರು ಬಿಡದೆ ಕಾಂಕ್ರೀಟ್ ಫಲಕಗಳ ಗೋಡೆ ನಿಲ್ಲಿಸುತ್ತಾರೆ. ಆಗಲೂ 1,80,000 ಘನ ಮೀಟರ್ ಬೇಕೇ ಬೇಕು.

ಅಷ್ಟು ಮಣ್ಣನ್ನು ಸುರಿದು ಬಿಡುವಂತಿಲ್ಲ. ಇಪ್ಪತ್ತು ಸೆಂಟಿಮೀಟರಿನ ಪದರಗಳಾಗಿ ಹರಡಬೇಕು, ಟ್ಯಾಂಕರಿನಿಂದ ನೀರು ಹನಿಸಬೇಕು, ರೋಲರ್ ಹೊಡೆಯಬೇಕು. ಆರು ಮೀಟರಿಗೆ ಮೂವತ್ತು ಪದರ. ಒಂದು ಪದರ ಮುಗಿದ ಮೇಲೆ ಪರೀಕ್ಷೆ ಮಾಡುವವನು ಅದರ ಮೇಲೆ ಮಂಡಿಯೂರಿ ಕೂತು, ಅಂಗೈ ಅಗಲದ ಒಂದು ಗುಂಡಿ ತೋಡುತ್ತಾನೆ. ತೆಗೆದ ಮಣ್ಣನ್ನು ಒಂದು ಚೂರೂ ಚೆಲ್ಲದೆ ಬಳಿದು ತೂಗುತ್ತಾನೆ. ಆಮೇಲೆ ಜರಡಿ ಹಿಡಿದ ಒಣ ಮರಳನ್ನು ಸಿಲಿಂಡರಿನಿಂದ ಆ ಗುಂಡಿಗೆ ಬಿಟ್ಟು, ಎಷ್ಟು ಮರಳು ಹಿಡಿಯಿತು ಎಂಬುದರಿಂದ ಗುಂಡಿಯ ಗಾತ್ರ ತಿಳಿಯುತ್ತಾನೆ. ಪ್ರಯೋಗಾಲಯದಲ್ಲಿ ಅದೇ ಮಣ್ಣು ಮುಟ್ಟಬಹುದಾದ ಗರಿಷ್ಠ ಸಾಂದ್ರತೆಯ ಶೇಕಡಾ 95 ಬಂದಿರಬೇಕು. ಡಾಂಬರಿನ ರಚನೆಗೆ ಆಸರೆಯಾಗುವ ಮೇಲಿನ ಅರ್ಧ ಮೀಟರಿಗೆ 97. ಬರದಿದ್ದರೆ ಮತ್ತೆ ನೀರು, ಮತ್ತೆ ರೋಲರ್. ಸಾವಿರಾರು ಟನ್ನಿನ ಕೆಲಸ ಸರಿಯೋ ತಪ್ಪೋ ಎಂಬುದನ್ನು ಒಂದು ಬೊಗಸೆ ಮಣ್ಣು ಹೇಳುತ್ತದೆ.

ನಮ್ಮ ಕಣ್ಣಿಗೆ ಬೀಳುವ ಕಪ್ಪು ಪದರ ಐದು ಸೆಂಟಿಮೀಟರಿನ ಆಸುಪಾಸು. ಅದರ ಕೆಳಗಿನ ಡಾಂಬರು, ಜಲ್ಲಿಯ ಪದರಗಳ ದಪ್ಪ ತೀರ್ಮಾನವಾಗುವುದು ಲಾರಿಗಳಿಂದ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಎಡೆಬಿಡದೆ ಓಡಿಸಿ ಕಂಡುಕೊಂಡ ನಿಯಮವೊಂದಿದೆ. ಅಚ್ಚಿನ ಮೇಲಿನ ಭಾರ ಹತ್ತು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹತ್ತು ಸಾವಿರ ಪಟ್ಟು. ಎಂಟುನೂರು ಕಿಲೋ ಹೊರುವ ಕಾರಿನ ಅಚ್ಚು ಹತ್ತು ಸಾವಿರ ಸಲ ಹಾದರೆ ಆಗುವ ಸವೆತವನ್ನು ಎಂಟು ಟನ್ನಿನ ಲಾರಿ ಅಚ್ಚು ಒಂದೇ ಸಲ ಹಾದು ಮಾಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರದ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರ ಏರಿದ್ದು ಶೇಕಡಾ 13. ಈ ನಿಯಮದ ಪ್ರಕಾರ ಸವೆತ ಏರುವುದು ಶೇಕಡಾ 60ಕ್ಕೂ ಹೆಚ್ಚು.

ಇನ್ನು ನೀರಿನ ಮಾತು. ಆರು ಮೀಟರ್ ಎತ್ತರದ, ಮೈಲಿಗಟ್ಟಲೆ ಉದ್ದದ, ಪದರ ಪದರವಾಗಿ ದಮ್ಮಸು ಮಾಡಿದ ಮಣ್ಣಿನ ಒಡ್ಡನ್ನು ನಮ್ಮ ಹಳೇ ಮೈಸೂರು ಸೀಮೆಯ ಯಾವ ರೈತನಿಗೆ ತೋರಿಸಿದರೂ ಕೆರೆ ಏರಿ ಎನ್ನುತ್ತಾನೆ. ಏರಿಗೆ ತೂಬು, ಕೋಡಿ ಇರುತ್ತವೆ. ಹೆದ್ದಾರಿಗೆ ಇರುವುದು ಮೋರಿ. ಆ ಮೋರಿಯ ಅಳತೆ ಸಾಲದೆ ಹೋದರೆ, ಅಥವಾ ಅದು ಕಟ್ಟಿಕೊಂಡರೆ, ಹೆದ್ದಾರಿ ಕೆರೆಯಾಗುತ್ತದೆ. 2022ರ ಆಗಸ್ಟಿನ ಮಳೆಗೆ ರಾಮನಗರದ ಬಳಿ ಇದೇ ಆಯಿತು. ಉದ್ಘಾಟನೆಯಾಗಿ ಐದೇ ದಿನಕ್ಕೆ, 2023ರ ಮಾರ್ಚ್ 17ರ ರಾತ್ರಿ, ಸಂಗಬಸವನದೊಡ್ಡಿಯ ಹತ್ತಿರ ಮತ್ತೆ ಆಯಿತು. ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ: ಹೊಲಕ್ಕೆ, ಊರಿಗೆ ಹೋಗಲು ದೂರವಾಗುತ್ತದೆಂದು ಹಳ್ಳಿಯವರು ಚರಂಡಿಗೆ ಅಡ್ಡಲಾಗಿ ಮೂರು ಮೀಟರ್ ಅಗಲ ಮಣ್ಣು ಹಾಕಿ ದಾರಿ ಮಾಡಿಕೊಂಡಿದ್ದರು, ನೀರು ಅಲ್ಲಿ ಕಟ್ಟಿಕೊಂಡಿತು. ಆಮೇಲೆ 1.2 ಮೀಟರ್ ವ್ಯಾಸದ ಪೈಪುಗಳನ್ನು ಎರಡು ಸಾಲು ಕೂರಿಸುವ ಕೆಲಸ ಕೈಗೊಂಡರು.

8,480 ಕೋಟಿಯ ರಸ್ತೆಯನ್ನು ಮೂರು ಮೀಟರ್ ಮಣ್ಣು ತಡೆಯಿತು. ಆ ಮಣ್ಣು ಹಾಕಿದವರನ್ನು ದೂರುವುದು ನನ್ನಿಂದಾಗದು. ಬೈಪಾಸು ಬರುವ ಮೊದಲು ನೇರವಾಗಿ ಹೊಲಕ್ಕೆ ನಡೆಯುತ್ತಿದ್ದವರು ಅವರು. ಅವರಿಗೊಂದು ದಾರಿ ಬೇಕೆಂಬುದು ನಕ್ಷೆ ಬರೆಯುವಾಗಲೇ ತಿಳಿಯಬೇಕಿತ್ತು. ನೀರಿನ ಲೆಕ್ಕವೂ ಹಾಗೆಯೇ. ಒಂದು ಚದರ ಕಿಲೋಮೀಟರಿನ ಮೇಲೆ ನೂರು ಮಿಲಿಮೀಟರ್ ಮಳೆ ಸುರಿದರೆ ಹತ್ತು ಕೋಟಿ ಲೀಟರ್ ನೀರು. ಅದರಲ್ಲಿ ಅರ್ಧ ಇಂಗಿದರೂ ಉಳಿದದ್ದು 1.2 ಮೀಟರಿನ ಎರಡು ಪೈಪುಗಳಲ್ಲಿ, ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹರಿದುಹೋಗಲು ಮೂರು ಗಂಟೆ ಬೇಕು. ಆ ಮಳೆ ಒಂದೇ ಗಂಟೆಯಲ್ಲಿ ಸುರಿದರೆ?

ದಾಟುವ ಮನುಷ್ಯನನ್ನೂ ಅಳೆಯೋಣ. ಮೂರು ಲೇನು, ಅಂಚು ಸೇರಿ ಒಂದು ಬದಿಯ ಅಗಲ ಹನ್ನೆರಡು ಮೀಟರಿಗೂ ಹೆಚ್ಚು. ಸಾಧಾರಣ ನಡಿಗೆಯಲ್ಲಿ ಹತ್ತು ಸೆಕೆಂಡು. ಅಷ್ಟರಲ್ಲಿ ನೂರರ ವೇಗದ ಕಾರು 280 ಮೀಟರ್ ಬಂದಿರುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಅಷ್ಟು ದೂರದ ವಾಹನದ ವೇಗವನ್ನು ಅಂದಾಜು ಮಾಡುವುದಾದರೂ ಹೇಗೆ? 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಅದು ಸರಿಯಾದ ಕ್ರಮವೇ. ಆದರೆ ಜಮೀನು ಕೊಟ್ಟವರು ಹೆಚ್ಚಾಗಿ ಓಡಿಸುವುದು ಆ ವಾಹನಗಳನ್ನೇ. ಅವರಿಗೆ ಉಳಿದಿರುವುದು ಸರ್ವಿಸ್ ರಸ್ತೆ ಮತ್ತು ಅಂಡರ್‌ಪಾಸು. ಅವು ಎಲ್ಲಿ, ಎಷ್ಟು ದೂರಕ್ಕೊಂದು ಎಂಬುದರ ಮೇಲೆ ಅವರ ದಿನದ ಬದುಕು ನಿಂತಿದೆ. ಚನ್ನಪಟ್ಟಣದ ಗೊಂಬೆ ಅಂಗಡಿಗಳ, ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಕಷ್ಟವನ್ನು ಪತ್ರಿಕೆಗಳು ಬರೆದಿವೆ. ಸರ್ವಿಸ್ ರಸ್ತೆಯಲ್ಲಿ ಸುತ್ತಿ ಹೊಲಕ್ಕೆ ಹೋಗುವವನ ಬಗ್ಗೆ ಅಷ್ಟು ಬರೆದಿಲ್ಲ.

ಇಷ್ಟೆಲ್ಲ ಲೆಕ್ಕಗಳಲ್ಲಿ ನಮ್ಮ ಕೈಯಲ್ಲಿರುವ ಅಂಕಿ ಒಂದೇ: 21. ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ, 1956ರ ಪ್ರಕಾರ ಭೂಸ್ವಾಧೀನದ ಮೊದಲ ಅಧಿಸೂಚನೆ ಹೊರಟ ಮೇಲೆ ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಪತ್ರಿಕೆ ನಮ್ಮ ನುಡಿಯದೇ ಆಗಿರಬೇಕು. ಆ ಜಮೀನಿನಲ್ಲಿ ಹಕ್ಕುಳ್ಳವರು ಆಕ್ಷೇಪಣೆಯನ್ನು ಬರಹದಲ್ಲಿ ಸಲ್ಲಿಸಲು ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನಗಳಿವೆ. ಸೇತುವೆಗಳನ್ನು ನೂರು ವರ್ಷ ಬಾಳುವಂತೆ ವಿನ್ಯಾಸ ಮಾಡುತ್ತಾರೆ. ನಮ್ಮ ಮಾತಿಗೆ ಇರುವ ಕಾಲ ಮೂರು ವಾರ. ನಿಮ್ಮೂರಿನ ಸರ್ವೆ ನಂಬರು ಆ ಪಟ್ಟಿಯಲ್ಲಿ ಕಂಡ ದಿನ ಪರಿಹಾರದ ಮೊತ್ತವೊಂದನ್ನೇ ಕೇಳಿ ಸುಮ್ಮನಾಗಬೇಡಿ. ಪಹಣಿ ಹಿಡಿದು ಭೂಸ್ವಾಧೀನಾಧಿಕಾರಿಯ ಕಚೇರಿಗೆ ಹೋಗಿ, ನಕ್ಷೆ ತೋರಿಸಿ ಎನ್ನಿ. ನಮ್ಮ ಹಳ್ಳದ ನೀರು ಯಾವ ಮೋರಿಯಲ್ಲಿ ಹೋಗುತ್ತದೆ, ಅದರ ಅಳತೆ ಎಷ್ಟು, ನಮ್ಮ ದನ ಎಲ್ಲಿ ದಾಟುತ್ತದೆ, ಆ ಅಂಡರ್‌ಪಾಸಿಗೆ ಮನೆಯಿಂದ ಎಷ್ಟು ಮೀಟರ್ ಎಂದು ಕೇಳಿ, ಉತ್ತರವನ್ನು ಬರೆಸಿಕೊಂಡು ಬನ್ನಿ.