ಬೆಂಕಿ ಹಚ್ಚಿದರೆ ಉರಿಯುವ ಕಲ್ಲು

ಈ ಕಂದು ಕಲ್ಲಿನ ಚಕ್ಕೆಗೆ ಬೆಂಕಿ ತಾಗಿಸಿದರೆ ಹೊತ್ತಿಕೊಂಡು ಉರಿಯುತ್ತೆ, ಹೊಗೆ ಏಳುತ್ತೆ. ಇದು ತೈಲಶಿಲೆ, ಅಂದ್ರೆ ಆಯಿಲ್ ಶೇಲ್. ಸುಮಾರು 45 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹೂತುಹೋದ ಸೂಕ್ಷ್ಮಜೀವಿಗಳೇ ಇದರೊಳಗಿನ ಇಂಧನ.

ಸ್ಥಳ: ಎಸ್ಟೋನಿಯಾದ ಇಡಾ-ವಿರು ಜಿಲ್ಲೆ, ರಷ್ಯಾ ಗಡಿ. ಗಣಿಗಾರಿಕೆ ಶುರುವಾಗಿದ್ದು 1916ರಲ್ಲಿ. ಸೋವಿಯತ್ ಕಾಲದಲ್ಲಿ, 1948ರಿಂದ, ಇಲ್ಲಿನ ಕೊಹ್ಟ್ಲಾ-ಯಾರ್ವೆ ಪಟ್ಟಣದಲ್ಲಿ ಈ ಕಲ್ಲಿನಿಂದ ತೆಗೆದ ಗ್ಯಾಸ್ ಪೈಪಿನಲ್ಲಿ ಲೆನಿನ್‌ಗ್ರಾಡ್‌ವರೆಗೂ ಹೋಗ್ತಿತ್ತು!

ಬಹುಪಾಲು ಕಲ್ಲನ್ನು ವಿದ್ಯುತ್ತಿಗಾಗಿ ಸುಟ್ಟರು. ಆದರೆ ನನ್ನ ಪ್ರಕಾರ ಅದರ ನಿಜವಾದ ಬೆಲೆ ಇರೋದು ರಸಾಯನದಲ್ಲಿ. ಕಲ್ಲನ್ನು ಪುಡಿಮಾಡಿ, ಗಾಳಿ ಸೋಕದಂತೆ ಸುಮಾರು 500 ಡಿಗ್ರಿಗೆ ಕಾಯಿಸ್ತಾರೆ. ಒಳಗಿನ ಕೆರೋಜನ್ ಎಂಬ ಸಾವಯವ ವಸ್ತು ಒಡೆದು ಆವಿಯಾಗುತ್ತೆ, ಆವಿ ತಣಿದರೆ ಎಣ್ಣೆ. ಈ ಎಣ್ಣೆಯಲ್ಲಿ ಫೀನಾಲ್‌ಗಳು ಹೇರಳ. ಅವನ್ನು ಬೇರ್ಪಡಿಸಿ ರಿಸಾರ್ಸಿನಾಲ್ ಬಳಗದ ರಾಸಾಯನಿಕ ತೆಗೀತಾರೆ. ಟೈರ್ ತಯಾರಿಕೆಯ ಅಂಟುರಾಳಕ್ಕೂ, ಕೂದಲಿಗೆ ಹಚ್ಚೋ ಬಣ್ಣಕ್ಕೂ ಇವು ಬೇಕು.

ಸುಟ್ಟ ಕಲ್ಲಿನ ಹತ್ತಿರ ಹತ್ತಿರ ಅರ್ಧ ತೂಕ ಬೂದಿಯಾಗಿ ಉಳಿಯುತ್ತೆ. ಬಯಲುಸೀಮೆಯಂಥ ಆ ನೆಲದಲ್ಲಿ ಬೂದಿಯದೇ ಗುಡ್ಡಗಳಿವೆ. ಅಲ್ಲಿನ ಕಿವಿಯೋಲಿ ಪಟ್ಟಣದ ಬೂದಿಗುಡ್ಡದಲ್ಲಿ ಈಗ ಜನ ಸ್ಕೀ ಆಡ್ತಾರೆ.

2035ಕ್ಕೆ ತೈಲಶಿಲೆಯ ವಿದ್ಯುತ್ ನಿಲ್ಲಿಸೋದು ಸರ್ಕಾರದ ಗುರಿ. ಹೊಸ ಉದ್ಯೋಗಕ್ಕೆಂದು ಯುರೋಪಿಯನ್ ಒಕ್ಕೂಟ ಸುಮಾರು 35 ಕೋಟಿ ಯೂರೋ ತೆಗೆದಿಟ್ಟಿದೆ. ಇದೇ ಜಿಲ್ಲೆಯ ನಾರ್ವಾ ನಗರದಲ್ಲಿ 2025ರಲ್ಲಿ ಮ್ಯಾಗ್ನೆಟ್ ಕಾರ್ಖಾನೆಯೂ ತೆರೆದಿದೆ. ಆದರೆ ಅಜ್ಜ, ಅಪ್ಪ, ಮಗ ಎಲ್ಲರೂ ಗಣಿಯನ್ನೇ ನಂಬಿದ ಮನೆಗಳು ಅಲ್ಲಿವೆ. ಅವರ ಕೈಗೆ ಬೇರೆ ಕೆಲಸ ಕೊಟ್ಟ ಮೇಲೆಯೇ ಗಣಿಗೆ ಬೀಗ ಹಾಕಬೇಕು.